ಇಂದುಬಾಯಿಯ ಎರಡು ಸೈಕಲ್ಲು

ಕನ್ನೊಳ್ಳಿಗೆ ನರ್ಸ್ ಆಗಿ ಬಂದಾಗ ಇಂದುಬಾಯಿಗೆ ಮೂವತ್ತರ ಆಜುಬಾಜು. ಮೂಲತಃ ಚಡಚಣದವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಇಂಡಿ ಊರಿನ ಒಬ್ಬ ಕಂಪೌಂಡರನಿಗೆ ಕೊಟ್ಟು ಮದುವೆ ಮಾಡಿದ್ದರು. ಸಂಸಾರದ ರುಚಿ ಹತ್ತುವ ಹೊತ್ತಿಗೆ ಗಂಡ ವಿಷಮಜ್ವರದಿಂದ ತೀರಿಕೊಂಡ. ತವರಿಗೆ ಬಂದು ಮೂಲೆ ಹಿಡಿದು ಕೂತಿದ್ದವಳನ್ನು, ಗಂಡ ಕೆಲಸ ಮಾಡುತ್ತಿದ್ದ ದವಾಖಾನೆಯ ಡಾಕ್ಟರರೇ ಕರೆಸಿ ಬಿಜಾಪುರದಲ್ಲಿ ನರ್ಸ್ ತರಬೇತಿಗೆ ಸೇರಿಸಿದರು. "ಅಳೂದು ಮನ್ಯಾಗ ಕೂತ್ರೂ ಇದ್ದದ್ದ. ಕೆಲಸ ಮಾಡಕೋತ ಅಳವಾ" ಎಂದಿದ್ದರಂತೆ. ತರಬೇತಿ ಮುಗಿಸಿ, ಒಂದೆರಡು ಊರು ತಿರುಗಿ, ಸಿಂದಗಿ ತಾಲೂಕಿನ ಕನ್ನೊಳ್ಳಿಗೆ ವರ್ಗವಾದಾಗ ತಾಯಿ ಸಿದ್ದವ್ವ ಗಂಟುಮೂಟೆ ಕಟ್ಟಿಕೊಂಡು ಮಗಳ ಬೆನ್ನಿಗೇ ಬಂದಳು. ಗಂಡ ಸತ್ತ ಹೆಣ್ಣುಮಗಳನ್ನು ಗುರುತಿಲ್ಲದ ಊರಲ್ಲಿ ಒಬ್ಬಳನ್ನೇ ಬಿಡುವುದಾದರೂ ಹೇಗೆ?

ಕನ್ನೊಳ್ಳಿ ಒಂದೇ ಆಗಿದ್ದರೆ ಇಂದುಬಾಯಿಗೆ ಕಷ್ಟವೇನಿರಲಿಲ್ಲ. ಸುತ್ತಲಿನ ಸಣ್ಣ ಊರುಗಳೂ ಅವಳಿಗೇ ಸೇರಿದ್ದವು. ಊರುಗಳನ್ನು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವವರ ವಸ್ತಿಗಳು ಬೇರೆ. ಒಂದು ವಸ್ತಿಯಿಂದ ಇನ್ನೊಂದು ವಸ್ತಿ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಎಟುಕುವುದಿಲ್ಲ. ಬಸುರಿಯರನ್ನು ನೋಡಬೇಕು, ಕೂಸುಗಳಿಗೆ ಸೂಜಿ ಹಾಕಬೇಕು, ಹೆರಿಗೆ ಎಂದು ಕರೆ ಬಂದರೆ ಪೆಟ್ಟಿಗೆ ಹೊತ್ತು ಓಡಬೇಕು. ಎರಡು ವರ್ಷ ನಡೆದೇ ನಡೆದಳು. ಸಂಜೆ ಬಂದು ಕಟ್ಟೆಯ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ; ಸಿದ್ದವ್ವ ಬಿಸಿನೀರು ಕಾಯಿಸಿ ಮಗಳ ಪಾದಕ್ಕೆ ಸುರಿಯುತ್ತಿದ್ದಳು.

ದಾರಿಗಳಾದರೂ ಎಂಥವು! ಎಪ್ಪತ್ತೆರಡರ ಬರದಲ್ಲಿ ಜನರ ಕೈಗೆ ಕೂಲಿ ಸಿಗಲೆಂದು ಸರಕಾರ ಸಡಕಿನ ಕೆಲಸ ತೆಗೆದಿತ್ತು. ಮಂದಿ ಬಿಸಿಲಲ್ಲಿ ಕೂತು ಕಲ್ಲು ಒಡೆದರು, ಒಡೆದ ಕಡಿಯನ್ನು ದಾರಿಯುದ್ದಕ್ಕೂ ಹರವಿದರು. ಅಷ್ಟರಲ್ಲಿ ಮಳೆ ಬಂತು, ಬರ ಹೋಯಿತು, ಬರದ ಬೆನ್ನಿಗೆ ಕೆಲಸವೂ ಹೋಯಿತು. ಮೇಲೆ ಗರಸು ಮಣ್ಣು ಹಾಕಿ ರೋಲರ್ ಹೊಡೆಸುವವರು ಯಾರೂ ಬರಲಿಲ್ಲ. ಹರವಿದ ಕಡಿ ಹಾಗೇ ಹಲ್ಲು ಕಿರಿದುಕೊಂಡು ಬಿದ್ದಿತ್ತು. ಎತ್ತುಗಳು ಆ ಸಡಕಿಗೆ ಕಾಲಿಡಲು ಒಲ್ಲೆ ಎನ್ನುತ್ತಿದ್ದವು. ಇನ್ನು ಸಡಕು ಬಿಟ್ಟು ವಸ್ತಿಗಳ ಕಡೆ ತಿರುಗಿದರೆ ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕುವಂಥ ಬಿರುಕು. ನಾಲ್ಕು ಹನಿ ಬಿತ್ತೆಂದರೆ ಅದೇ ಮಣ್ಣು ಅಂಟಾಗಿ, ಒಂದೊಂದು ಹೆಜ್ಜೆಗೂ ಕಾಲಿಗೆ ಸೇರು ಸೇರು ತೂಕ ಕೂಡಿಸುತ್ತದೆ.

ಹೀಗಿರುವಾಗ, ಹಳ್ಳಿಗಳ ನರ್ಸುಗಳು ಬೇಕಾದರೆ ಸೈಕಲ್ ಇಟ್ಟುಕೊಳ್ಳಬಹುದೆಂದು ಮೇಲಿನವರು ಒಪ್ಪಿದ ಸುದ್ದಿ ಬಂತು. ಇಂದುಬಾಯಿಗೆ ಅಂದು ಊಟ ಸೇರಲಿಲ್ಲ, ಅಷ್ಟು ಖುಷಿ.

"ನಿನಗ ಹೊಡಿಯಾಕ ಬರ್ತೈತೇನ ಸೈಕಲ್?" ಎಂದಳು ಸಿದ್ದವ್ವ.

"ಕಲೀತೇನಿ."

"ಕಲಿ. ಆದ್ರ ಒಂದ ಮಾತು. ಗಂಡಸೂರ ಸೈಕಲ್ ಮ್ಯಾಲ ಕಾಲ ಎತ್ತಿ ಹಾಕಿದ್ರ ನಾ ಈ ಊರಾಗ ಇರಂಗಿಲ್ಲ. ಗಂಡ ಇಲ್ಲದಾಕಿ ನೀ. ಮಂದಿ ಬಾಯಾಗ ಬಿದ್ದಿ ಅಂದ್ರ ಎದ್ದು ಬರಾಕಾಗೂದಿಲ್ಲ."

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಒಂದು ದಿನ ಇಂದುಬಾಯಿ ಸಿಂದಗಿಗೆ ಹೋಗಿ, ಜೈನುದ್ದೀನನ ಸೈಕಲ್ ಅಂಗಡಿಯ ಮುಂದೆ ನಿಂತಳು. ಜೈನುದ್ದೀನ ವಯಸ್ಸಾದವನು, ಆತುರವಿಲ್ಲದ ಮನುಷ್ಯ. ಗಿರಾಕಿ ಬಂದರೆಂದು ಹಾರಿ ಬೀಳುವವನಲ್ಲ. ಸ್ಟೂಲು ಹಾಕಿ ಕೂಡಿಸಿ, ನೀರು ಕೊಟ್ಟು, ಕೈಯ ಗ್ರೀಸು ಒರೆಸಿಕೊಳ್ಳುತ್ತ ಕೇಳಿದ:

"ಮೊದಲ ದಾರಿ ಹೇಳ್ರಿ ಬಾಯಾರ. ಆಮ್ಯಾಲ ಸೈಕಲ್ ನೋಡೂಣು."

ಅವಳು ದಾರಿ ಹೇಳಿದಳು. ಕಡಿ ಹರವಿದ ಸಡಕು ಹೇಳಿದಳು, ಎರೆ ಹೊಲದ ಬಂಡಿ ಜಾಡು ಹೇಳಿದಳು, ಹಳ್ಳ ಹೇಳಿದಳು. ಜೈನುದ್ದೀನ ಗಡ್ಡ ತುರಿಸಿಕೊಂಡ. ಅಂಗಡಿಯ ಒಳಗಿನಿಂದ ದಪ್ಪನೆಯ ಒಂದು ಕರಿ ಸೈಕಲ್ಲನ್ನು ಹೊರಗೆ ತಂದು ನಿಲ್ಲಿಸಿದ. ಸೀಟಿನಿಂದ ಹ್ಯಾಂಡಲ್ಲಿಗೆ ಒಂದರ ಕೆಳಗೊಂದು ಎರಡು ಅಡ್ಡ ಕೊಳವೆ.

"ಕಲ್ಲಿಗಾದ್ರ ಇದು. ಡಬಲ್ ದಾಂಡಿ. ಹಾಲಿನವರು, ಜ್ವಾಳದ ಚೀಲಾ ಹೇರವರು ಇದನ್ನ ಒಯ್ತಾರ. ಗಾಲಿ ಕಡ್ಡಿ ನೋಡ್ರಿ, ಹ್ಯಾಂಗದಾವ! ಎಷ್ಟ ಬಡದ್ರೂ ಮುರಿಯಂಗಿಲ್ಲ."

"ಎರಿ ಹೊಲದಾಗ?"

"ಎರ್‍ಯಾಗ ಸೈಕಲ್ ಹೊಡಿಯಂಗಿಲ್ರಿ ಬಾಯಾರ, ಹೊರೂದು. ಇದನ್ನ ಹೊರಾಕ ನಿಮ್ಮ ಕೈಲೆ ಆಗೂದಿಲ್ಲ. ಅಲ್ಲೆ ಹಗರಾದು ಬೇಕು." ಅವನು ಮೂಲೆಯಲ್ಲಿದ್ದ ಹೆಂಗಸರ ಸೈಕಲ್ಲನ್ನು ತೋರಿಸಿದ. ಹಸಿರು ಬಣ್ಣ, ಬಾಗಿದ ಕೊಳವೆ, ಸೀರೆ ಸಿಕ್ಕದಂತೆ ಹಿಂದಿನ ಗಾಲಿಗೆ ಜಾಳಿಗೆ. "ಇದು ಹಗರ ಐತಿ, ಸೀರಿಗೂ ಅನುಕೂಲ. ಆದ್ರ ನಡುವ ದಾಂಡಿ ಇಲ್ಲ. ಕಲ್ಲಿನ ಮ್ಯಾಲ ಕುಣದ ಕುಣದ ಬೆಸಿಗಿ ಬಿಟ್ಟಬಿಡತೈತಿ. ಖರೇ ಹೇಳ್ತೇನಿ."

"ಹಂಗಾರ ಯಾವದು ತಗೊಂಡ್ರ ಛಲೋ?"

"ಕಲ್ಲಿಗೊಂದು, ಎರಿಗೊಂದು, ಸೀರಿಗೊಂದು. ಮೂರೂ ಕೂಡಿದ್ದು ಇನ್ನೂ ಯಾರೂ ಮಾಡಿಲ್ರಿ ಬಾಯಾರ."

ಇಂದುಬಾಯಿ ಎದ್ದಳು. ಡಬಲ್ ದಾಂಡಿಯ ಸೈಕಲ್ಲಿನ ಹತ್ತಿರ ಹೋಗಿ ಅದರ ಸೀಟಿನ ಮೇಲೆ ಕೈಯಿಟ್ಟಳು; ಅದು ಅವಳ ಎದೆಯ ಮಟ್ಟಕ್ಕಿತ್ತು. ಮೇಲಿನ ದಾಂಡಿಯನ್ನು ನೋಡಿದಳು, ತನ್ನ ಬಿಳಿ ಸೀರೆಯ ನಿರಿಗೆಗಳನ್ನು ನೋಡಿಕೊಂಡಳು. ಬೀದಿಯಲ್ಲಿ ಹೋಗುವ ಇಬ್ಬರು ನಿಂತು ಅವಳನ್ನೇ ನೋಡುತ್ತಿದ್ದರು. ಕಿವಿಯಲ್ಲಿ ತಾಯಿಯ ಮಾತು. ಆಯ್ಕೆ ಮಾಡಲು ಬಂದವಳಿಗೆ, ಆಯ್ಕೆ ಎಂದೋ ಮುಗಿದುಹೋಗಿದೆ ಎನ್ನಿಸಿತು.

"ಹಸರದ್ದ ಕೊಡ್ರಿ" ಎಂದಳು.

ಜೈನುದ್ದೀನ ಹವಾ ಹಾಕಿ, ಬ್ರೇಕು ಬಿಗಿದು, ಕೊನೆಗೊಂದು ಮಾತು ಹೇಳಿದ: "ಮಳಿಗಾಲಕ್ಕ ಮಡಗಾರ್ಡ ಎರಡೂ ತಗಸಿಬಿಡ್ರಿ. ಎರಿ ಮಣ್ಣು ಸಿಕ್ಕೊಳ್ಳೂದ ಅದರಾಗ."

"ತಗದ್ರ ಸೀರಿ ತುಂಬ ರಾಡಿ ಸಿಡೀತೈತಿ. ರಾಡಿ ಸೀರಿ ಉಟಗೊಂಡು ಹೆರಿಗಿ ಕೋಣ್ಯಾಗ ಹ್ಯಾಂಗ ಹೋಗಲ್ರಿ?"

"ಅದೂ ಖರೇನ" ಎಂದು ಅವನು ಮಡಗಾರ್ಡನ್ನು ಹಾಗೇ ಬಿಟ್ಟ.

ಸೈಕಲ್ ಕಲಿಸಿದವಳು ಪಕ್ಕದ ಮನೆಯ ರಮಜಾನಬಿ. ಅವಳಿಗೂ ಸೈಕಲ್ ಬರುತ್ತಿರಲಿಲ್ಲ. ಗಂಡ ದರ್ಜಿ, ಅವನು ಬಟ್ಟೆ ಹೊಲಿಯುತ್ತ ಕೂತಲ್ಲಿಂದಲೇ "ಹ್ಯಾಂಡಲ್ ನೋಡಬ್ಯಾಡ್ರಿ, ಮುಂದ ನೋಡ್ರಿ" ಎಂದು ಕೂಗುತ್ತಿದ್ದುದೇ ಪಾಠ. ರಾಶಿ ಮುಗಿದು ಖಾಲಿ ಬಿದ್ದ ಕಣದಲ್ಲಿ ಇಂದುಬಾಯಿ ಸೀಟಿನ ಮೇಲೆ, ರಮಜಾನಬಿ ಹಿಂದೆ ಕ್ಯಾರಿಯರ್ ಹಿಡಿದುಕೊಂಡು ಓಟ. ಇಂದುಬಾಯಿಗೆ ಹದ ಸಿಕ್ಕು, "ಬಿಡು ಇನ್ನ, ಬಿಡು" ಎಂದರೂ ಅವಳು ಬಿಡಲೊಲ್ಲಳು. "ಯಕ್ಕಾ, ಬಿದ್ದಗಿದ್ದಿ!" ಎಂದು ಜಗ್ಗಿ ಹಿಡಿದೇ ಓಡಿ, ಕೊನೆಗೆ ಕಾಲು ತೊಡರಿ ಮೂವರೂ ಬಿದ್ದರು, ಇಬ್ಬರು ಹೆಂಗಸರು ಮತ್ತು ಸೈಕಲ್ಲು. ಮೈತುಂಬ ಹೊಟ್ಟು ಹತ್ತಿಸಿಕೊಂಡು ಕೂತಲ್ಲೇ ನಕ್ಕರು. ಗಂಡ ಹೋದ ಮೇಲೆ ಮಗಳು ಹಾಗೆ ನಕ್ಕಿದ್ದನ್ನು ಸಿದ್ದವ್ವ ಅಂದೇ ಮೊದಲು ಕೇಳಿದ್ದು.

ಆ ಬೇಸಿಗೆ ಛಲೋ ಹೋಯಿತು. ಎರೆ ಭೂಮಿ ಒಣಗಿ ಬಂಡಿಯ ಜಾಡು ಗಟ್ಟಿಯಾಗಿತ್ತು. ನೋಡದ ವಸ್ತಿಗಳನ್ನೆಲ್ಲ ನೋಡಿ ಬಂದಳು. "ನರ್ಸಬಾಯಿ ಬಂದ್ಲು" ಎಂದು ಹೆಂಗಸರು ಮಜ್ಜಿಗೆ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಆದರೆ ಸಡಕಿನ ಕಡಿಯ ಮೇಲೆ ಜೈನುದ್ದೀನ ಹೇಳಿದ್ದೇ ನಿಜವಾಯಿತು. ಹ್ಯಾಂಡಲ್ಲಿನ ಬುಡದಲ್ಲಿ ಬೆಸುಗೆ ಬಿಟ್ಟಿತು, ಬೆಸೆಸಿದಳು. ಮತ್ತೊಂದು ಕಡೆ ಬಿಟ್ಟಿತು, ಮತ್ತೆ ಬೆಸೆಸಿದಳು. ಕಡಿ ಇದ್ದಲ್ಲಿ ಇಳಿದು ತಳ್ಳುವುದು, ಮಣ್ಣಿದ್ದಲ್ಲಿ ಹತ್ತುವುದು ಎಂದು ತಾನೇ ಒಂದು ರೀತಿ ಮಾಡಿಕೊಂಡಳು.

ಅದೇ ವರ್ಷ ಉತ್ತರಿ ಮಳೆ ಹಿಡಿದುಕೊಂಡು ಬಿಟ್ಟ ಮರುದಿನ, ಬೆಳಗಿನ ಹೊತ್ತು, ಗುರಲಿಂಗಪ್ಪ ಬಂದ. ಹಳ್ಳದಾಚೆಯ ವಸ್ತಿಯ ರೈತ. ಅವನ ಹೆಂಡತಿ ಚನ್ನವ್ವನಿಗೆ ಇದು ಮೊದಲನೆಯ ಬಸುರು. ಇಂದುಬಾಯಿ ಹೋದಾಗಲೆಲ್ಲ ಹೊಟ್ಟೆ ಮುಟ್ಟಿ ನೋಡಿ ಬಂದಿದ್ದಳು. ಕೂಸು ತಲೆ ಮೇಲಾಗಿ ಕೂತಿದೆ ಎಂಬ ಅನುಮಾನ ಅವಳಿಗೆ ಇತ್ತು; ಸಿಂದಗಿಗೆ ಕರೆದುಕೊಂಡು ಹೋಗಿ ತೋರಿಸಿರಿ ಎಂದೂ ಹೇಳಿದ್ದಳು. ಬಿತ್ತಿಗೆಯ ಗದ್ದಲದಲ್ಲಿ ಅದು ಹಿಂದೆ ಬಿದ್ದಿತ್ತು.

"ಬಾಯಾರ, ಮನ್ಯಾಗ ಬ್ಯಾನಿ ಸುರು ಆಗ್ಯಾವ್ರಿ" ಎಂದ ಗುರಲಿಂಗಪ್ಪ. ಮೊಣಕಾಲಿನವರೆಗೆ ಕರಿ ಮಣ್ಣು. "ಚಕ್ಕಡಿ ಹೂಡಿದ್ದೆ, ಎತ್ತು ಹುಗದು ಹೋದೂ. ಬಿಟ್ಟ ಬಂದೇನಿ. ಹೊಲದಾಗ ಹಾದು ನಡದ ಹೋಗೂಣ ಬರ್ರಿ."

ಹೊಲದಲ್ಲಿ ಹಾದು ಹೋಗುವುದೆಂದರೆ ಮೊಣಕಾಲುದ್ದ ಕೆಸರು. ಸಡಕಿನ ದಾರಿ ಸುತ್ತು, ಆದರೆ ಮುಕ್ಕಾಲು ಪಾಲು ಕಲ್ಲು; ಕಲ್ಲಿನ ಮೇಲೆ ಕೆಸರಿಲ್ಲ. ಇಂದುಬಾಯಿ ಕ್ಷಣ ಹೊತ್ತು ಯೋಚಿಸಿದಳು. ಪೆಟ್ಟಿಗೆಯನ್ನು ಕ್ಯಾರಿಯರಿಗೆ ಹಳೇ ಟ್ಯೂಬಿನಿಂದ ಬಿಗಿದಳು.

"ನೀವು ಅಡ್ಡ ಹಾಯ್ದು ನಡೀರಿ. ನಾ ಸಡಕ ಹಿಡದ ಸೈಕಲ್ ಮ್ಯಾಲ ಬರ್ತೇನಿ. ನಿಮಗಿಂತ ಮುಂದ ಮುಟ್ಟತೇನಿ. ನೀರ ಕಾಸಾಕ ಹೇಳ್ರಿ."

"ಹೌದ್ರಿ?" ಎಂದ ಗುರಲಿಂಗಪ್ಪ. ಅವನ ಮುಖ ಅರಳಿತು. ಸೈಕಲ್ಲೆಂದರೆ ಬೇಗ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅವಳಿಗೂ ಇರಲಿಲ್ಲ.

ಸಡಕಿನ ಮೇಲೆ ಅವಳು ಅಂದು ಇಳಿದು ತಳ್ಳಲಿಲ್ಲ. ಹಲ್ಲು ಕಚ್ಚಿ ತುಳಿದಳು. ಕಡಿಯ ಮೇಲೆ ಗಾಲಿ ಹಾರಿ ಹಾರಿ ಬಿದ್ದು, ಪೆಟ್ಟಿಗೆಯೊಳಗಿನ ಸಾಮಾನು ಗಲಗಲ ಎಂದಿತು. ಬೆಸುಗೆ ತಡೆಯಿತು. ಸಡಕು ಮುಗಿದು ವಸ್ತಿಯ ಕಡೆ ತಿರುಗುವ ಜಾಡು ಬಂದಾಗ, ದೂರದಲ್ಲಿ ಗುರಲಿಂಗಪ್ಪನ ಮನೆಯ ಬೇವಿನ ಮರ ಕಂಡಿತು. ಬಂದೇ ಬಿಟ್ಟೆ ಎಂದುಕೊಂಡಳು.

ಜಾಡಿಗೆ ಇಳಿದು ಹತ್ತು ಮಾರು ಹೋಗುವುದರಲ್ಲಿ ಮುಂದಿನ ಗಾಲಿ ನಿಂತಿತು. ಇಳಿದಳು. ಗಾಲಿಗೂ ಮಡಗಾರ್ಡಿಗೂ ನಡುವೆ ಎರೆ ಮಣ್ಣು ಗಚ್ಚು ಬಡಿದಂತೆ ತುಂಬಿತ್ತು. ಜಾಲಿಯ ಕಡ್ಡಿ ಮುರಿದು ಕೆದರಿ ತೆಗೆದು ತಳ್ಳಿದಳು. ನಾಲ್ಕು ಹೆಜ್ಜೆಗೆ ಮತ್ತೆ ತುಂಬಿತು. ಹಿಂದಿನ ಗಾಲಿಯ ಜಾಳಿಗೆಯಲ್ಲೂ ಮಣ್ಣು, ಚೈನಿನ ಕವಚದಲ್ಲೂ ಮಣ್ಣು. ಕೆದರಿದಳು, ತಳ್ಳಿದಳು, ಕೆದರಿದಳು, ಎಳೆದಳು. ಹಗುರ ಎಂದು ಕೊಂಡ ಸೈಕಲ್ಲು ಈಗ ಒಂದು ಎಮ್ಮೆಯಷ್ಟು ಭಾರವಾಗಿತ್ತು. ಎತ್ತಿ ಹೆಗಲಿಗೇರಿಸಲು ನೋಡಿ ಜಾರಿ ಬಿದ್ದಳು. ಸೀರೆ, ಕೈ, ಮುಖ ಎಲ್ಲ ರಾಡಿ.

ಬಿಟ್ಟು ಹೋಗಬೇಕೆಂದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಪ್ರತಿ ಸಲವೂ, ಇನ್ನೊಂದಿಷ್ಟು ದೂರ ಹೋದರೆ ಗಟ್ಟಿ ನೆಲ ಸಿಕ್ಕೀತು ಎನ್ನಿಸುತ್ತಿತ್ತು. ಸಿಗಲಿಲ್ಲ. ಕೊನೆಗೆ ಟ್ಯೂಬು ಬಿಚ್ಚಿ, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಸೈಕಲ್ಲನ್ನು ಜಾಡಿನಲ್ಲೇ ಕೆಡವಿ ನಡೆದಳು. ಹಳ್ಳದಲ್ಲಿ ತೊಡೆಮಟ್ಟ ನೀರು. ದಾಟುವಾಗ ಬೇವಿನ ಮರದ ಕೆಳಗೆ ಯಾರೋ ನಿಂತು ಕೈ ಬೀಸುವುದು ಕಂಡಿತು. ಹತ್ತಿರ ಹೋದಾಗ ಗೊತ್ತಾಯಿತು, ಗುರಲಿಂಗಪ್ಪ. ಅವನು ಬಂದು ಕೈಕಾಲು ತೊಳೆದುಕೊಂಡು, ನೀರು ಕಾಯಿಸಿಟ್ಟು, ದಾರಿ ಕಾಯುತ್ತ ನಿಂತಿದ್ದ.

ಒಳಗೆ ಅವನ ತಾಯಿ ಶಂಕ್ರೆವ್ವ ಸೊಸೆಯ ಬೆನ್ನು ಹಿಡಿದು ಕೂತಿದ್ದಳು. ಕೂಸಿನ ಕಾಲು ಮೊದಲು ಬಂದಿತ್ತು, ಮೈ ಬಂದಿತ್ತು, ತಲೆ ಸಿಕ್ಕಿತ್ತು. ಇಂದುಬಾಯಿ ಕೈ ತೊಳೆದು, ತರಬೇತಿಯಲ್ಲಿ ಕಲಿಸಿದ ಹಾಗೆ ಕೂಸಿನ ಮೈಯನ್ನು ತನ್ನ ತೋಳಿನ ಮೇಲೆ ಹಾಕಿಕೊಂಡು ತಲೆಯನ್ನು ಬಿಡಿಸಿದಳು. ಗಂಡು ಕೂಸು. ನೀಲಿಗಟ್ಟಿತ್ತು. ಬಾಯಿ ಒರೆಸಿದಳು, ಬೆನ್ನು ತಿಕ್ಕಿದಳು, ಬಾಯಿಗೆ ಬಾಯಿ ಇಟ್ಟು ಊದಿದಳು. ಊದುತ್ತಲೇ ಇದ್ದಳು. ಪುಟ್ಟ ಎದೆ ಅವಳ ಉಸಿರಿಗೆ ಏಳುತ್ತಿತ್ತು, ತನ್ನ ಉಸಿರಿಗೆ ಏಳಲೇ ಇಲ್ಲ.

"ಬಿಡ್ರಿ ಬಾಯಾರ" ಎಂದಳು ಶಂಕ್ರೆವ್ವ. "ಆಗಳೆ ಕಾಲ ಆಡಸ್ತಿತ್ರಿ. ನೀವು ಮುಂದ ಬಂದ ಮುಟ್ಟತೇರಿ ಅಂತ ನಮ್ಮ ಗುರಲಿಂಗ ಹೇಳಿದ್ನಲ್ರಿ. ಬಾಗಲಾ ನೋಡಕೋತ ಕೂತಿದ್ವಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು, ಅಷ್ಟೆ. ಇಂದುಬಾಯಿಗೆ ಉತ್ತರ ಕೊಡಲೂ ಹೊತ್ತಿರಲಿಲ್ಲ. ಚನ್ನವ್ವನಿಗೆ ರಕ್ತ ಹರಿಯತೊಡಗಿತ್ತು. ಸೂಜಿ ಚುಚ್ಚಿ, ಹೊಟ್ಟೆ ಒತ್ತಿ ಹಿಡಿದು, ಅದು ನಿಲ್ಲುವ ತನಕ ಅಲುಗಾಡದೆ ಕೂತಳು. ನಿಂತಿತು. ಚನ್ನವ್ವ ಉಳಿದಳು. ಕಣ್ಣು ತೆರೆದು, "ಏನ ಹುಟ್ಟೈತ್ರಿ?" ಎಂದು ಕೇಳಿದಳು. ಇಂದುಬಾಯಿ ಶಂಕ್ರೆವ್ವನ ಮುಖ ನೋಡಿದಳು, ಶಂಕ್ರೆವ್ವ ಗೋಡೆ ನೋಡಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಂದುಬಾಯಿ ಹೊರಟಳು. ಕೂಸನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ ಗುರಲಿಂಗಪ್ಪ, "ನಿಲ್ರಿ, ಹಳ್ಳ ದಾಟಸ್ತೇನಿ" ಎಂದು ಜೊತೆಗೆ ಬಂದ. ಪೆಟ್ಟಿಗೆಯನ್ನು ತಾನೇ ತೆಗೆದುಕೊಂಡ. ಹಳ್ಳ ದಾಟಿ ಜಾಡಿಗೆ ಬಂದಾಗ ಸೈಕಲ್ಲು ಬಿದ್ದಲ್ಲೇ ಬಿದ್ದಿತ್ತು. ಗುರಲಿಂಗಪ್ಪ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟ. ಬಗ್ಗಿ, ಸೈಕಲ್ಲಿನ ಬಾಗಿದ ಕೊಳವೆಗೆ ಹೆಗಲು ಕೊಟ್ಟು, ಮಣ್ಣು ಸಮೇತ ಎತ್ತಿ ಹೊತ್ತುಕೊಂಡ.

"ಬ್ಯಾಡ್ರಿ, ಗುರಲಿಂಗಪ್ಪಾರ" ಎಂದಳು ಇಂದುಬಾಯಿ. "ಅದನ್ನ ಅಲ್ಲೇ ಬಿಡ್ರಿ. ಕೈ ಮುಗೀತೇನಿ."

"ಬಿಟ್ರ ಯಾರರ ಒಯ್ತಾರ್ರಿ. ನಿಮಗ ನಾಳಿಗೆ ಬೇಕಲ್ರಿ. ಮತ್ಯಾರರ ಕರೀಲಿಕ್ಕೆ ಬಂದ್ರ?"

ಅವನು ಮುಂದೆ, ಇವಳು ಹಿಂದೆ. ಬೆಳಗ್ಗೆ ಅವನು ನಡೆದು ಬಂದ ದಾರಿಯಲ್ಲೇ, ಹೊಲಗಳಲ್ಲಿ ಅಡ್ಡ ಹಾಯ್ದು ನಡೆದರು. ಅವನ ಕಾಲು ಹುಗಿಯುತ್ತಿತ್ತು, ಎತ್ತುತ್ತಿದ್ದ, ಮತ್ತೆ ಹುಗಿಯುತ್ತಿತ್ತು. ಹೆಗಲ ಮೇಲಿನ ಗಾಲಿಯಿಂದ ಮಣ್ಣಿನ ಹೆಂಟೆ ಕಳಚಿ ಅವನ ಬೆನ್ನ ಮೇಲೆ ಬೀಳುತ್ತಿತ್ತು. ನಿಮ್ಮ ಜೊತೆ ನಡೆದು ಬಂದಿದ್ದರೆ ಎಂದು ಶುರು ಮಾಡಿದರೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಇಂದುಬಾಯಿಗೆ ಗೊತ್ತಿತ್ತು. ಅವನು ಬೈದಿದ್ದರೆ ಎದೆಯ ಭಾರ ತುಸು ಇಳಿಯುತ್ತಿತ್ತೇನೋ. ಅವನು ಬೈಯಲಿಲ್ಲ. ಕನ್ನೊಳ್ಳಿಯ ಮನೆಯ ಮುಂದೆ ಸೈಕಲ್ಲನ್ನು ಮೆಲ್ಲಗೆ ಇಳಿಸಿ, ಗೋಡೆಗೆ ಆನಿಸಿ, "ಬರ್ತೇನ್ರಿ" ಎಂದು ತಿರುಗಿ ಹೋದ. ಸಿದ್ದವ್ವ ಚಹಾ ಕುಡಿದು ಹೋಗು ಎಂದರೂ ನಿಲ್ಲಲಿಲ್ಲ.

ಆಮೇಲೆ ಎಷ್ಟೋ ದಿನ ರಮಜಾನಬಿ ಬಂದು ಕೂತು ಸಮಾಧಾನ ಹೇಳುತ್ತಿದ್ದಳು.

"ಕಾಲ ಮುಂದಾಗಿದ್ದ ಕೂಸು ಯಕ್ಕಾ. ನೀ ಮುಂಚೆ ಹೋಗಿದ್ರೂ ಉಳೀತಿತ್ತು ಅಂತ ಹೇಳಾಕ ಬರ್ತೈತೇನ?"

"ಹೇಳಾಕ ಬರೂದಿಲ್ಲ. ಅದಕ್ಕ ನಿದ್ದಿ ಬರವಲ್ದು."

ಮಳೆಗಾಲ ಮುಗಿದ ಮೇಲೆ ಅವಳು ಹಸಿರು ಸೈಕಲ್ಲನ್ನು ಜೈನುದ್ದೀನನ ಅಂಗಡಿಗೆ ಒಯ್ದು, ಡಬಲ್ ದಾಂಡಿಯದನ್ನು ಬದಲಿಗೆ ತೆಗೆದುಕೊಂಡಳು. ಮಡಗಾರ್ಡು ಎರಡನ್ನೂ ಅಲ್ಲೇ ಬಿಚ್ಚಿಸಿದಳು. ಜೈನುದ್ದೀನ ಕಾರಣ ಕೇಳಲಿಲ್ಲ. ಸುದ್ದಿ ಅವನಿಗೆ ಮುಟ್ಟಿತ್ತು. ಸೀಟನ್ನು ಆದಷ್ಟು ಕೆಳಗೆ ಇಳಿಸಿ ಕೊಟ್ಟ.

ಆ ಸೈಕಲ್ ಹೊಡೆಯಬೇಕೆಂದರೆ ಹೊಲದ ಹೆಂಗಸರು ಕಳೆ ತೆಗೆಯುವಾಗ ಉಡುವಂತೆ ಸೀರೆಯನ್ನು ಕಚ್ಚೆ ಹಾಕಿ ಉಡಬೇಕು. ಉಟ್ಟಳು. ಮೊದಲ ದಿನ ಕನ್ನೊಳ್ಳಿಯ ಓಣಿಯಲ್ಲಿ ಅವಳು ದಾಂಡಿಯ ಮೇಲಿಂದ ಕಾಲು ದಾಟಿಸಿ ಹತ್ತಿದಾಗ ಕಟ್ಟೆಯ ಮೇಲಿನ ಗಂಡಸರು ಮಾತು ನಿಲ್ಲಿಸಿದರು. ಮರುದಿನ ಮಾತು ಶುರುವಾಯಿತು, ಬೇರೆ ಥರ. ಹಿಂದಿನಿಂದ ಸಿಳ್ಳೆ ಬಂತು. ಮಜ್ಜಿಗೆ ತರುತ್ತಿದ್ದ ಒಂದಿಬ್ಬರು ಹೆಂಗಸರು ಬಾಗಿಲು ಮುಂದೆ ಮಾಡಿಕೊಂಡರು. ಸರಕಾರಿ ಸೀರೆಯನ್ನು ಹಾಗೆ ಉಡುವುದು ಸರಿಯಲ್ಲ ಎಂದು ಮೇಲಿನ ಡಾಕ್ಟರರಿಂದಲೂ ಒಂದು ಮಾತು ಬಂತು. ಸಿದ್ದವ್ವ ಊರು ಬಿಟ್ಟು ಹೋಗಲಿಲ್ಲ. ಆದರೆ ಎಷ್ಟೋ ತಿಂಗಳು ಮಗಳೊಂದಿಗೆ ಮಾತು ಬಿಟ್ಟಳು. ತಾಟಿನಲ್ಲಿ ರೊಟ್ಟಿ ಇಟ್ಟು ಗೋಡೆಯ ಕಡೆ ತಿರುಗಿ ಕೂಡುತ್ತಿದ್ದಳು. ಬಿಸಿನೀರು ಮಾತ್ರ ದಿನಾ ಕಾಯಿಸಿ ಇಡುತ್ತಿದ್ದಳು.

ಇದನ್ನೆಲ್ಲ ನುಂಗಿಕೊಂಡು ಚಳಿಗಾಲ, ಬೇಸಿಗೆ ಕಳೆದಳು. ಕಲ್ಲಿನ ಮೇಲೆ ಸೈಕಲ್ಲು ಆನೆಯ ಹಾಗೆ ನಡೆಯಿತು, ಒಂದು ಕಡ್ಡಿಯೂ ಮುರಿಯಲಿಲ್ಲ. ಈ ಸಲವಾದರೂ ಎಂಬ ಆಸೆ ಅವಳಿಗೆ. ಮಳೆಗಾಲ ಬಂತು. ಮಡಗಾರ್ಡು ಇಲ್ಲದ್ದರಿಂದ ಗಾಲಿ ತುಸು ಹೆಚ್ಚು ದೂರ ತಿರುಗಿತು. ಆಮೇಲೆ ಗಾಲಿ ಹಿಡಿಯುವ ಚಿಮಟದ ಸಂದಿಯಲ್ಲಿ, ಬ್ರೇಕಿನ ಕಡ್ಡಿಯಲ್ಲಿ, ಚೈನಿನಲ್ಲಿ ಮಣ್ಣು ತುಂಬಿ ಅದೂ ನಿಂತಿತು. ಹಸಿರು ಸೈಕಲ್ಲನ್ನು ಎಳೆಯಲಾದರೂ ಆಗುತ್ತಿತ್ತು. ಇದನ್ನು ಕದಲಿಸಲೂ ಆಗಲಿಲ್ಲ. ನಡುಹೊಲದಲ್ಲಿ ಅದನ್ನು ಹಿಡಿದುಕೊಂಡು ನಿಂತು, ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಇಂದುಬಾಯಿ ಗಟ್ಟಿಯಾಗಿ ಅತ್ತಳು. ಯಾವುದನ್ನು ಆರಿಸಿದ್ದರೂ ಚನ್ನವ್ವನ ಹೆರಿಗೆಯ ದಿನ ಅವಳು ಹೊತ್ತಿಗೆ ಮುಟ್ಟುತ್ತಿರಲಿಲ್ಲ. ಅದು ತಿಳಿದು ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮುಂದೆಯೂ ಹೀಗೇ ಎಂಬುದೇ ಅದರಲ್ಲಿ ಕಂಡಿತು.

ಅಂದಿನಿಂದ ಮಳೆಗಾಲದಲ್ಲಿ ಸೈಕಲ್ಲನ್ನು ರಮಜಾನಬಿಯ ಪಡಸಾಲೆಯಲ್ಲಿ ನಿಲ್ಲಿಸಿ ನಡೆದೇ ಹೋಗತೊಡಗಿದಳು. ಒಂದು ಕೆಲಸ ಮಾತ್ರ ತನ್ನ ಕೈಯಲ್ಲಿದೆ ಎನ್ನಿಸಿ, ಅದನ್ನು ಹಿಡಿದಳು. ಹೆರಿಗೆ ಮಳೆಯ ತಿಂಗಳಲ್ಲಿ ಬೀಳುವ ಬಸುರಿಯರ ಮನೆಗೆ ಹೋಗಿ, "ದಿನ ತುಂಬೂದಕಿಂತ ಮುಂಚೆ ವಸ್ತಿ ಬಿಡ್ರಿ. ಸಡಕಿನ ಮ್ಯಾಲಿನ ಊರಾಗ ನಿಮ್ಮವರು ಯಾರರ ಇದ್ರ ಅಲ್ಲಿ ಹೋಗಿ ಇರ್ರಿ" ಎಂದು ಹೇಳುವುದು. ಹೇಳುವುದಷ್ಟೇ ಅವಳ ಕೈಯಲ್ಲಿತ್ತು. "ದನಾ ಯಾರ ನೋಡತಾರ್ರಿ?" ಎಂದರು. "ಹಿಂದಿನವರೆಲ್ಲ ಇಲ್ಲೇ ಹಡದಿಲ್ಲೇನ್ರಿ?" ಎಂದರು. ಕೆಲವರು ಹೋದರು. ಬಹಳ ಮಂದಿ ಹೋಗಲಿಲ್ಲ. ಹೋಗದವರಲ್ಲಿ ಹೆಚ್ಚಿನವರು ಸುಖವಾಗಿಯೇ ಹಡೆದರು, ಹಾಗಾಗಿ ಅವಳ ಮಾತಿಗೆ ಬೆಲೆ ಇನ್ನೂ ಕಡಿಮೆಯಾಯಿತು. ಇಬ್ಬರ ಮನೆಯಲ್ಲಿ ಹಾಗಾಗಲಿಲ್ಲ. ಆ ಎರಡು ಮನೆಗೂ ಅವಳು ಕೆಸರಿನಲ್ಲಿ ನಡೆದು ಹೋಗಿ, ಎಲ್ಲ ಮುಗಿದ ಮೇಲೆ ಮುಟ್ಟಿದಳು.

ಚನ್ನವ್ವ ಮತ್ತೆ ಬಸುರಾದಾಗ ಇಂದುಬಾಯಿ ಹೇಳುವ ಮೊದಲೇ ಗುರಲಿಂಗಪ್ಪ ಅವಳನ್ನು ಇಂಡಿ ಕಡೆಯ ತವರಿಗೆ ಕಳಿಸಿದ. ಅಲ್ಲಿ ಹೆಣ್ಣು ಕೂಸು ಹುಟ್ಟಿ, ಎರಡೂ ಜೀವ ಸುಖವಾಗಿವೆ ಎಂದು ಸುದ್ದಿ ಬಂತು. ಇಂದುಬಾಯಿಗೆ ಖುಷಿಯಾಯಿತು, ಒಳಗೊಳಗೆ ಒಂದು ಮುಳ್ಳೂ ಆಡಿತು. ತನ್ನಿಂದ ದೂರ ಹೋದದ್ದಕ್ಕೇ ಆ ಕೂಸು ಉಳಿಯಿತು ಎಂದು ಅವರೇನೂ ಅನ್ನಲಿಲ್ಲ. ಅವಳೇ ಅಂದುಕೊಂಡಳು.

ಎಪ್ಪತ್ತೊಂಬತ್ತರಲ್ಲಿ ಇಂದುಬಾಯಿಗೆ ನಿಡಗುಂದಿಗೆ ವರ್ಗವಾಯಿತು. ಅಲ್ಲಿ ಡಾಂಬರು ರಸ್ತೆ, ಗಳಿಗೆಗೊಂದು ಬಸ್ಸು, ಸೈಕಲ್ಲಿನ ಜರೂರಿಲ್ಲ; ತನ್ನದನ್ನು ಜೈನುದ್ದೀನನಿಗೇ ತಿರುಗಿ ಮಾರಿದ್ದಳು. ಅವಳ ಜಾಗಕ್ಕೆ ಬಂದವಳು ಮೆಹರಾಜ ಎಂಬ ಹುಡುಗಿ, ಮುದ್ದೇಬಿಹಾಳದವಳು. ತರಬೇತಿ ಮುಗಿಸಿ ಸೀದಾ ಬಂದಿದ್ದಳು. ಇಂದುಬಾಯಿ ಅವಳಿಗೆ ಔಷಧಿ, ಸಾಮಾನು ಒಪ್ಪಿಸಿ, ಬಸುರಿಯರು ಎಲ್ಲೆಲ್ಲಿದ್ದಾರೆಂದು ಹೇಳಿದಳು. ಹುಡುಗಿ ಎಲ್ಲ ಕೇಳಿಸಿಕೊಂಡು ಕೊನೆಗೆ ಸಂಕೋಚದಿಂದ ಅಂದಳು:

"ಅಕ್ಕಾರ, ನಾನೂ ಸೈಕಲ್ ತಗೋಬೇಕಂತ ಮಾಡೇನ್ರಿ. ನೀವು ಎರಡೂ ಥರದ್ದು ಹೊಡದೇರಂತ. ಈ ದಾರಿಗೆ ಯಾವದು ಛಲೋ ಹೇಳ್ರಿ."

ಇಂದುಬಾಯಿ ಹುಡುಗಿಯ ಮುಖ ನೋಡಿದಳು. ಐದು ವರ್ಷದ ಅನುಭವದಿಂದ ಹೇಳಬಹುದಾದ ಒಂದು ಸರಿಯಾದ ಮಾತಿಗಾಗಿ ತಡಕಾಡಿದಳು. ಹಗುರದ್ದು ಎನ್ನಲೇ? ಗಟ್ಟಿಯದು ಎನ್ನಲೇ? ಬೇಡವೇ ಬೇಡ, ನಡೆ ಎನ್ನಲೇ? ಬೇಸಿಗೆಯಲ್ಲಿ ಆ ಹುಡುಗಿ ದೂರದ ವಸ್ತಿಗಳಿಗೆ ನಡೆದು ಸತ್ತುಹೋದಾಳು.

"ಯಾವದರ ತಗೋ ಯವ್ವಾ" ಎಂದಳು ಕೊನೆಗೆ. "ಬ್ಯಾಸಿಗ್ಯಾಗ ಯಾವದಾದ್ರೂ ನಡೀತೈತಿ."

"ಮಳಿಗಾಲದಾಗ್ರಿ?"

ಅಷ್ಟರಲ್ಲಿ ಸಿದ್ದವ್ವ ಒಳಗಿನಿಂದ ಹಾಸಿಗೆಯ ಸುರುಳಿ ಹೊತ್ತು ತಂದು, ಬಸ್ಸು ತಪ್ಪೀತೆಂದು ಅವಸರ ಮಾಡಿದಳು. ಇಂದುಬಾಯಿ ಹುಡುಗಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಟ್ರಂಕು ಎತ್ತಿಕೊಂಡು ತಾಯಿಯ ಹಿಂದೆ ಬಸ್ಸಿನ ಕಡೆ ನಡೆದಳು.